ಶರಾವತಿ ಕಣಿವೆಯ ಸಿಂಗಳೀಕ ಮತ್ತು ಹೆಕ್ಟೇರ್ ಲೆಕ್ಕಕ್ಕೆ ಸಿಗದ ಕಾಡು

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಪರ ವಾದಿಸುವವರು ಮೊದಲು ಮುಂದಿಡುವುದು ಒಂದು ಚಿಕ್ಕ ಸಂಖ್ಯೆಯನ್ನು. ವಿದ್ಯುತ್ತು ಹೆಚ್ಚಾದಾಗ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಏರಿಸಿಟ್ಟು, ಬೇಡಿಕೆ ಬಂದಾಗ ಇಳಿಸಿ ವಿದ್ಯುತ್ತು ತೆಗೆಯುವ, 2000 ಮೆಗಾವಾಟ್ ಸಾಮರ್ಥ್ಯದ ಈ ಯೋಜನೆಗೆ ಬೇಕಾಗಿರುವ ಅರಣ್ಯಭೂಮಿ ಸುಮಾರು 54 ಹೆಕ್ಟೇರ್. ಕಾಮಗಾರಿ ನಡೆಯಬೇಕಾಗಿರುವ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ವಿಸ್ತಾರ 930 ಚದರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಭಾಗಿಸಿ ನೋಡಿದರೆ ಕಳೆದುಕೊಳ್ಳುವುದು ಶೇಕಡಾ 0.06ಕ್ಕೂ ಕಡಿಮೆ. ಇಷ್ಟಕ್ಕೆ ಇಷ್ಟೊಂದು ಗದ್ದಲವೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ.

ಲೆಕ್ಕ ತಪ್ಪಿಲ್ಲ. ಆದರೆ ಯಾವ ಪ್ರಾಣಿಯ ಹೆಸರಿನಲ್ಲಿ ಈ ಅಭಯಾರಣ್ಯ ಘೋಷಣೆಯಾಯಿತೋ ಆ ಸಿಂಗಳೀಕ ಎಂಬ ಮಂಗಕ್ಕೆ ಕಾಡಿನ ನೆಲದ ವಿಸ್ತೀರ್ಣ ಮುಖ್ಯವಲ್ಲ. ಅದು ಬದುಕುವುದು ನೆಲದಿಂದ ಇಪ್ಪತ್ತು ಮೂವತ್ತು ಮೀಟರ್ ಎತ್ತರದಲ್ಲಿ, ಕೊಂಬೆಗೆ ಕೊಂಬೆ ತಾಗಿಕೊಂಡಿರುವ ಮರಗಳ ನೆತ್ತಿಯಲ್ಲಿ. ಅದಕ್ಕೆ ಬೇಕಾಗಿರುವುದು ಎರಡೇ: ನಡುವೆ ಎಲ್ಲೂ ತುಂಡಾಗದ ಮರದ ನೆತ್ತಿ, ಮತ್ತು ಆ ನೆತ್ತಿಯಲ್ಲಿ ವರ್ಷದ ಹನ್ನೆರಡು ತಿಂಗಳೂ ಏನಾದರೊಂದು ತಿನ್ನಲು ಸಿಗುವಂಥ ಮರಗಳು. ಈ ಎರಡರಲ್ಲಿ ಯಾವುದನ್ನೂ ಹೆಕ್ಟೇರಿನಲ್ಲಿ ಅಳೆಯಲಾಗದು. ನಮ್ಮ ಅನುಮತಿ ಪ್ರಕ್ರಿಯೆಯಾದರೋ ಹೆಕ್ಟೇರಿನ ಭಾಷೆಯನ್ನೇ ಆಡುತ್ತದೆ, ಪರಿಹಾರವನ್ನೂ ಹೆಕ್ಟೇರಿನಲ್ಲೇ ಕೊಡುತ್ತದೆ. ಶರಾವತಿ ಮತ್ತು ಅಘನಾಶಿನಿ ಕಣಿವೆಗಳಲ್ಲಿ ಸಿಂಗಳೀಕದ ಸಂರಕ್ಷಣೆ ಎಡವುತ್ತಿರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಪ್ರಾಣಿಯ ಬಗ್ಗೆ. ಸಿಂಗಳೀಕ ಪಶ್ಚಿಮ ಘಟ್ಟದ ಕಾಡಿನಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಬದುಕಿಲ್ಲ. ಕರ್ನಾಟಕ, ಕೇರಳ, ತಮಿಳುನಾಡುಗಳ ನಿತ್ಯಹರಿದ್ವರ್ಣ ಕಾಡುಗಳೇ ಅದರ ನೆಲೆ. ಕಾಡಿನಲ್ಲಿ ಉಳಿದಿರುವ ವಯಸ್ಕ ಪ್ರಾಣಿಗಳ ಸಂಖ್ಯೆ 2500ರೊಳಗೆ ಎಂಬುದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಅಂದಾಜು. ಅದರ ಕೆಂಪು ಪಟ್ಟಿಯಲ್ಲಿ ಸಿಂಗಳೀಕ ಅಳಿವಿನಂಚಿನ ಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಹುಲಿ ಆನೆಗಳ ಸಾಲಿನಲ್ಲೇ, ಅದಕ್ಕೆ ಸ್ಥಾನವಿದೆ. ಮಿರುಗುವ ಕಪ್ಪು ಮೈ, ಮುಖದ ಸುತ್ತ ಬೂದು ಬೆಳ್ಳಿಯ ಕೇಸರ, ಬಾಲದ ತುದಿಗೆ ಸಣ್ಣ ಕುಚ್ಚು. ಗಂಡು ಹತ್ತು ಕಿಲೋ ದಾಟುವುದು ಅಪರೂಪ. ಹೆಣ್ಣು ಅದಕ್ಕಿಂತ ಸಾಕಷ್ಟು ಚಿಕ್ಕದು.

ಮಲೆನಾಡಿನ ರೈತನ ಎದುರು ಮಂಗನ ಸಂರಕ್ಷಣೆಯ ಮಾತೆತ್ತಿದರೆ ಸಿಡುಕುವುದು ಸಹಜ. ಬಾಳೆಗೊನೆ, ಎಳೆಯ ಅಡಿಕೆ, ಏಲಕ್ಕಿ, ತೆಂಗಿನ ಮಿಳ್ಳೆ ಯಾವುದನ್ನೂ ಉಳಿಸದ ಮಂಗಗಳ ಕಾಟ ಇಲ್ಲಿ ನಿಜವಾದ ಸಮಸ್ಯೆ, ಅದನ್ನು ಹಗುರಾಗಿ ಕಾಣುವವರು ತೋಟ ಮಾಡಿದವರಲ್ಲ. ಆದರೆ ಆ ಸಿಟ್ಟು ಸಲ್ಲಬೇಕಾದದ್ದು ಊರುಕೇರಿಗೆ ಒಗ್ಗಿಕೊಂಡ ಸಾಮಾನ್ಯ ಮಂಗಕ್ಕೆ ಮತ್ತು ಸ್ವಲ್ಪಮಟ್ಟಿಗೆ ಮುಸುವಕ್ಕೆ. ಸಿಂಗಳೀಕದ ಸ್ವಭಾವವೇ ಬೇರೆ. ಕಾಡು ಗಟ್ಟಿಯಾಗಿರುವ ಕಡೆ ಅದು ಮನುಷ್ಯರ ಸುಳಿವು ಸಿಕ್ಕರೆ ಸದ್ದಿಲ್ಲದೆ ಸರಿದುಹೋಗುತ್ತದೆ. ಕಾಡಂಚಿನ ಹಲಸಿನ ಮರಕ್ಕೆ ಆಗೀಗ ಬರುವುದುಂಟು, ಅಂಗಳಕ್ಕಿಳಿದು ದಾಂಧಲೆ ಮಾಡುವುದಿಲ್ಲ. ಗುಂಪಿನ ಹಿರಿಯ ಗಂಡು ಹಾಕುವ, ಕಣಿವೆಯ ಆಚೆ ದಡಕ್ಕೂ ಕೇಳುವ ಕೂಗು ನೆರೆಯ ಗುಂಪುಗಳಿಗೆ ತಾವೆಲ್ಲಿದ್ದೇವೆಂದು ತಿಳಿಸುತ್ತದೆ. ಅಂತರ ಕಾಯ್ದುಕೊಂಡು ಹೋಗಲು ಅದು ಸಾಕಾಗುತ್ತದೆ. ಈ ಸೌಮ್ಯತೆ ಕಾಡಿನ ಕೊಡುಗೆಯೂ ಹೌದು ಎಂಬುದನ್ನು ಮುಂದೆ ವಾಲ್ಪಾರೈ ಉದಾಹರಣೆಯಲ್ಲಿ ನೋಡಲಿದ್ದೇವೆ.

ಇದರ ದೌರ್ಬಲ್ಯವಿರುವುದು ಹೆರಿಗೆಯ ಲೆಕ್ಕದಲ್ಲಿ. ಕಾಡಿನ ಹೆಣ್ಣು ಸಿಂಗಳೀಕ ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಆರು ವರ್ಷ ದಾಟಿರುತ್ತದೆ. ಒಂದು ಸಲಕ್ಕೆ ಒಂದೇ ಮರಿ, ಮುಂದಿನದಕ್ಕೆ ಹತ್ತಿರ ಹತ್ತಿರ ಮೂರು ವರ್ಷದ ಕಾಯುವಿಕೆ. ಹತ್ತು ವರ್ಷದಲ್ಲಿ ಒಂದು ಗುಂಪು ಕಳೆದುಕೊಂಡದ್ದನ್ನು ಮುಂದಿನ ಹತ್ತು ವರ್ಷದಲ್ಲಿ ತುಂಬಿಕೊಳ್ಳುವುದು ಇಂಥ ಪ್ರಾಣಿಗೆ ಸಾಧ್ಯವಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ, ಪ್ರಾಯಕ್ಕೆ ಬಂದ ಗಂಡುಗಳು ಗುಂಪು ಬಿಟ್ಟು ಬೇರೆ ಗುಂಪು ಹುಡುಕಿಕೊಂಡು ಹೊರಡುತ್ತವೆ. ಗುಂಪಿನಿಂದ ಗುಂಪಿಗೆ ಹೊಸ ರಕ್ತ ಸೇರುವುದು ಈ ಅಲೆಯುವ ಗಂಡುಗಳಿಂದ ಮಾತ್ರ. ಅವು ನಡೆಯುವ ದಾರಿ ಮರದ ಮೇಲಿನದು. ಆ ದಾರಿ ಒಂದು ಕಡೆ ತುಂಡಾದರೆ ಎರಡೂ ಬದಿಯ ಗುಂಪುಗಳು ನೋಡುವವರ ಕಣ್ಣಿಗೆ ಆರೋಗ್ಯವಾಗಿಯೇ ಕಾಣುತ್ತಿರುತ್ತವೆ. ಒಳಗೊಳಗೇ ರಕ್ತಸಂಬಂಧದ ಕೂಡಿಕೆ ಶುರುವಾಗಿರುತ್ತದೆ.

ಕರ್ನಾಟಕದ ಸಿಂಗಳೀಕಗಳ ಸ್ಥಿತಿಗತಿಯನ್ನು ಮೊದಲಿಗೆ ಶಾಸ್ತ್ರೀಯವಾಗಿ ಸಮೀಕ್ಷಿಸಿದವರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಒಬ್ಬರು. ಅವರ ವರದಿ 1985ರಲ್ಲಿ ಪ್ರಕಟವಾಯಿತು. ಅನಂತರ ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಎಚ್. ಎನ್. ಕುಮಾರ ಅವರು ಈ ಶತಮಾನದ ಮೊದಲ ವರ್ಷಗಳಲ್ಲಿ ಘಟ್ಟದ ಕಾಡುಗಳನ್ನು ಜಾಲಾಡಿದಾಗ ಎರಡು ಬಗೆಯ ಚಿತ್ರ ಸಿಕ್ಕಿತು. ಕೊಡಗಿನ ಕಡೆಯ ಕೆಲವು ಕಾಡುಗಳಲ್ಲಿ ಮರಗಳಿದ್ದರೂ ಬೇಟೆಯಿಂದಾಗಿ ಸಿಂಗಳೀಕ ವಿರಳವಾಗಿತ್ತು. ಅದಕ್ಕೆ ವಿರುದ್ಧವಾಗಿ, ಸಂರಕ್ಷಿತ ಪ್ರದೇಶವೇ ಅಲ್ಲದಿದ್ದ, ಊರು ತೋಟ ಗದ್ದೆಗಳ ನಡುವೆ ಹಬ್ಬಿದ್ದ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡುಗಳಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪುಗಳು, ಆರುನೂರಕ್ಕೂ ಹೆಚ್ಚು ಪ್ರಾಣಿಗಳು ಕಂಡುಬಂದವು. ಸಿಂಗಳೀಕದ ಇಡೀ ನೆಲೆಯ ಉತ್ತರದ ಅಂಚು ಇದು, ಜೊತೆಗೆ ತುಂಡಾಗದೆ ಉಳಿದಿರುವ ಅದರ ದೊಡ್ಡ ಸಂತತಿಗಳಲ್ಲೊಂದು.

ಈ ಕಾಡಿನ ಒಳಗೆ ಕತ್ತಲೆಕಾನು ಇದೆ. ಮಾವಿನಗುಂಡಿಯಿಂದ ಹೊನ್ನಾವರದ ಕಡೆಗೆ ಘಟ್ಟ ಇಳಿಯುವ ಹೆದ್ದಾರಿಯ ಪಕ್ಕದಲ್ಲೇ ಸಿಗುವ ಈ ಕಾಡಿನಲ್ಲಿ ರಾಮಪತ್ರೆ ಜಡ್ಡಿಗಳಿವೆ: ಬೇಸಿಗೆಯಲ್ಲೂ ನೀರು ಜಿನುಗುವ ಕೆಸರು ನೆಲ, ಅದರಿಂದ ಮೊಣಕಾಲು ಮಡಚಿದಂತೆ ಮೇಲೆದ್ದು ಮತ್ತೆ ಇಳಿಯುವ ಬೇರುಗಳು, ಮೇಲೆ ಬಿಸಿಲನ್ನು ಬಿಡದಂತೆ ಹೆಣೆದ ಎಲೆ. ಈ ಕಾಡಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ಸಸ್ಯಶಾಸ್ತ್ರಜ್ಞರು ಹೊಸ ಪ್ರಭೇದವೆಂದು ವಿವರಿಸಿದ್ದು 2000ದ ಇಸವಿಯಲ್ಲಿ. ಹೆದ್ದಾರಿಯ ಬದಿಯಲ್ಲೇ ಅಷ್ಟು ದೊಡ್ಡ ಮರ ಅಷ್ಟು ಕಾಲ ಹೆಸರಿಲ್ಲದೆ ನಿಂತಿತ್ತೆಂದರೆ ಈ ಕಾಡಿನ ಬಗ್ಗೆ ನಮಗಿರುವ ತಿಳಿವಳಿಕೆ ಎಷ್ಟೆಂದು ಊಹಿಸಬಹುದು.

ಸಿಂಗಳೀಕದ ಗುಂಪೊಂದು ಇಂಥ ರಸ್ತೆಯನ್ನು ದಾಟುವುದನ್ನು ಗಮನಿಸಿದರೆ ನೆತ್ತಿಯ ಪ್ರಶ್ನೆ ತಾನಾಗಿ ಅರ್ಥವಾಗುತ್ತದೆ. ಮೊದಲು ಒಂದು ದೊಡ್ಡ ಪ್ರಾಣಿ ರಸ್ತೆಯ ಮೇಲೆ ಚಾಚಿದ ಕೊಂಬೆಯ ತುದಿಗೆ ಬಂದು ಕೂರುತ್ತದೆ, ಕೊಂಬೆ ಬಾಗುತ್ತದೆ, ಎದುರಿನ ಮರದ ರೆಂಬೆ ಕೈಗೆಟುಕುವಷ್ಟು ಹತ್ತಿರವಾದಾಗ ದಾಟಿಕೊಳ್ಳುತ್ತದೆ. ಹಿಂದಿನಿಂದ ಬರುವವೆಲ್ಲ ಅದೇ ಕೊಂಬೆಯನ್ನೇ ಹಿಡಿಯುತ್ತವೆ. ಮರಿಯನ್ನು ಹೊಟ್ಟೆಗೆ ಕಚ್ಚಿಸಿಕೊಂಡ ತಾಯಂದಿರು ಒಂದಿಷ್ಟು ಹಿಂದೆ ಮುಂದೆ ನೋಡಿ ಹಾರುತ್ತವೆ. ಇಡೀ ಗುಂಪು ದಾಟುವುದು ಎರಡು ಮರಗಳು ಪರಸ್ಪರ ತಾಗುವ ಆ ಒಂದೇ ಬಿಂದುವಿನಲ್ಲಿ. ರಸ್ತೆಯನ್ನು ನಾಲ್ಕೈದು ಮೀಟರ್ ಅಗಲ ಮಾಡಿದರೆ ಹೋಗುವುದು ಕೆಲವೇ ಮರಗಳು. ಆದರೆ ಆ ಬಿಂದು ಇಲ್ಲವಾಗುತ್ತದೆ.

ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಈ ಕಣ್ಣಿನಿಂದ ನೋಡಬೇಕು. ಯೋಜನೆಯ ಪರವಾದ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ, ಎರಡೂ ಈಗಾಗಲೇ ಇವೆ. ಹೊಸದಾಗಿ ಏನೂ ಮುಳುಗುವುದಿಲ್ಲ. ವಿದ್ಯುದಾಗಾರ ಮತ್ತು ಸುರಂಗಗಳು ನೆಲದಡಿಯಲ್ಲಿರುತ್ತವೆ. ಹಗಲಿನಲ್ಲಿ ಸೌರ ವಿದ್ಯುತ್ತು ಹೆಚ್ಚಾಗಿ, ಸಂಜೆ ಬೇಡಿಕೆ ಏರಿದಾಗ ಸೂರ್ಯನೇ ಇಲ್ಲದಂಥ ಪರಿಸ್ಥಿತಿಯಲ್ಲಿ ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆ ರಾಜ್ಯಕ್ಕೆ ಬೇಕೇ ಬೇಕು. ಪಾವಗಡದಂಥ ಸೌರ ಪಾರ್ಕುಗಳನ್ನು ಕಟ್ಟಿದ ಮೇಲೆ ಈ ಅಗತ್ಯವನ್ನು ಅಲ್ಲಗಳೆಯುವುದು ಪ್ರಾಮಾಣಿಕವಾಗದು. ನೀರನ್ನು ಮೇಲಕ್ಕೆತ್ತಲು ತಗಲುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು, ಸ್ಥೂಲವಾಗಿ ಐದರಲ್ಲೊಂದು ಪಾಲು ನಷ್ಟ ಎಂಬ ಆಕ್ಷೇಪವನ್ನು ವಿರೋಧಿಗಳು ಪದೇ ಪದೇ ಎತ್ತುತ್ತಾರಾದರೂ ಅದು ಬಲವಾದ ಆಕ್ಷೇಪವಲ್ಲ; ಯಾವ ಬಗೆಯ ಸಂಗ್ರಹದಲ್ಲೂ ನಷ್ಟ ಇದ್ದದ್ದೇ.

ಪ್ರಶ್ನೆ ಜಾಗದ್ದು. ನೆಲದಡಿಯ ಕಾಮಗಾರಿ ನೆಲದ ಮೇಲೇನೂ ಮಾಡುವುದಿಲ್ಲವೆಂಬುದು ಕಾಗದದ ಮೇಲೆ ಮಾತ್ರ ನಿಜ. ಸುರಂಗಗಳಿಗೆ ಬಾಯಿ ಬೇಕು, ಆ ಬಾಯಿಯವರೆಗೆ ಭಾರಿ ಯಂತ್ರಗಳು ಹೋಗಲು ಅಗಲವಾದ ರಸ್ತೆ ಬೇಕು, ಒಳಗಿನಿಂದ ಅಗೆದು ತೆಗೆದ ಬಂಡೆ ಮಣ್ಣನ್ನು ಸುರಿಯಲು ಜಾಗ ಬೇಕು, ಕೆಲಸಗಾರರಿಗೆ ವಸತಿ ಬೇಕು, ಉತ್ಪಾದಿಸಿದ ವಿದ್ಯುತ್ತನ್ನು ಹೊರಗೆ ಒಯ್ಯಲು ತಂತಿ ಮಾರ್ಗ ಬೇಕು. 54 ಹೆಕ್ಟೇರಿನ ಲೆಕ್ಕ ಬರುವುದು ಇಂಥ ಕೆಲಸಗಳಿಂದ. ಅಷ್ಟೂ ಒಂದೇ ಚೌಕವಾಗಿ ಕಾಡಿನ ಮೂಲೆಯಲ್ಲಿದ್ದಿದ್ದರೆ ಸಿಂಗಳೀಕಕ್ಕೆ ಆಗುವ ಹಾನಿ ಸಹಿಸುವಂಥದ್ದಾಗಿರುತ್ತಿತ್ತೇನೋ. ಆದರೆ ರಸ್ತೆ ಮತ್ತು ತಂತಿ ಮಾರ್ಗ ಸ್ವಭಾವತಃ ಉದ್ದನೆಯ ಸೀಳುಗಳು. 20 ಮೀಟರ್ ಅಗಲದ ಪಟ್ಟಿಯೊಂದು ಐದು ಕಿಲೋಮೀಟರ್ ಉದ್ದ ಹರಿದರೆ ಕಡತದಲ್ಲಿ ನಮೂದಾಗುವುದು ಹತ್ತೇ ಹೆಕ್ಟೇರ್. ಕಾಡಿನಲ್ಲಿ ಆಗುವುದು ಐದು ಕಿಲೋಮೀಟರ್ ಉದ್ದದ ಗಡಿ. ಕಡಿಯಬೇಕಾಗುವ ಮರಗಳ ಸಂಖ್ಯೆ ಹದಿನೈದು ಸಾವಿರಕ್ಕೂ ಹೆಚ್ಚೆಂದು ಚರ್ಚೆಯಾಗಿದೆ. ಆ ಸಂಖ್ಯೆ ದೊಡ್ಡದೇ, ಆದರೆ ಅವು ಎಲ್ಲಿ ನಿಂತಿವೆ ಎಂಬುದು ಎಷ್ಟಿವೆ ಎಂಬುದಕ್ಕಿಂತ ಮುಖ್ಯ.

ಅನುಮತಿಗಳ ಹಾದಿ ಹೀಗಿದೆ. ಭೂಗರ್ಭ ಸಮೀಕ್ಷೆಗಾಗಿ ಕೊರೆಯಲು 2019ರಲ್ಲೇ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಒಪ್ಪಿತ್ತು. ಸೋಜಿಗವೆಂದರೆ ಅಭಯಾರಣ್ಯವನ್ನು ಸಿಂಗಳೀಕದ ಹೆಸರಿನಲ್ಲಿ ವಿಸ್ತರಿಸಿದ್ದೂ ಅದೇ ವರ್ಷ. ರಾಜ್ಯ ವನ್ಯಜೀವಿ ಮಂಡಳಿಯ ಒಪ್ಪಿಗೆಯ ನಂತರ 2025ರ ಜೂನ್‌ನಲ್ಲಿ ಕೇಂದ್ರದ ಸ್ಥಾಯಿ ಸಮಿತಿಯಿಂದ ತಾತ್ವಿಕ ಸಮ್ಮತಿ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಮತ್ತು ಉತ್ತರ ಕನ್ನಡ ಎರಡೂ ಜಿಲ್ಲೆಗಳಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಸ್ಥಳೀಯರು ಭಾರಿ ಸಂಖ್ಯೆಯಲ್ಲಿ ಸೇರಿ ವಿರೋಧಿಸಿದರು. ಅಲ್ಲಿ ಮಾತಾಡಿದವರೆಲ್ಲರೂ ಸಿಂಗಳೀಕಕ್ಕಾಗಿ ಬಂದಿದ್ದರೆಂದು ಭಾವಿಸಬೇಕಾಗಿಲ್ಲ. ಗುಡ್ಡ ಕುಸಿತದ ಭಯ, ನದಿಮುಖದ ಮೀನುಗಾರರ ಆತಂಕ, ಹಿಂದಿನ ಯೋಜನೆಗಳಲ್ಲಿ ಉಂಡ ಕಹಿ, ಎಲ್ಲವೂ ಅದರಲ್ಲಿ ಸೇರಿದ್ದವು. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿದ್ದನ್ನು ಕಂಡ ಜಿಲ್ಲೆಗೆ ಘಟ್ಟದ ಬುಡದಲ್ಲಿ ಬಂಡೆ ಸಿಡಿಸುತ್ತೇವೆಂದರೆ ಭಯವಾಗುವುದು ಅಸಹಜವಲ್ಲ.

ಕೂಡಿಡುವ ವಿದ್ಯುತ್ತಿಗೆ ಬೇರೆ ಜಾಗಗಳಿಲ್ಲವೇ? ನದಿಯ ಹರಿವಿನಿಂದ ಹೊರಗೆ, ಬೋಳು ಗುಡ್ಡಗಳ ಮೇಲೊಂದು ಕೆಳಗೊಂದು ಕೆರೆ ಕಟ್ಟಿಕೊಂಡು ಅದೇ ನೀರನ್ನು ಮತ್ತೆ ಮತ್ತೆ ಏರಿಸಿ ಇಳಿಸುವ ಪದ್ಧತಿ ಆಂಧ್ರದ ಕರ್ನೂಲು ಕಡೆಯ ಪಿನ್ನಾಪುರದಲ್ಲಿ ಕಾರ್ಯರೂಪಕ್ಕೆ ಬಂದಿದೆ. ನಮ್ಮಲ್ಲೇ ಸವದತ್ತಿ ಬಳಿ ಅಂಥದೊಂದು ಯೋಜನೆ ಇದೆ. ಅವುಗಳಿಗೂ ಅವುಗಳದೇ ಪರಿಸರ ವೆಚ್ಚ ಇರುತ್ತದೆ, ಕುರುಚಲು ಕಾಡನ್ನು ಬೋಳು ನೆಲವೆಂದು ಕರೆಯುವುದೂ ತಪ್ಪು. ಆದರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿಯ ದೊಡ್ಡ ಸಂತತಿಯೊಂದು ಅಲ್ಲಿಲ್ಲ. ಜಲಾಶಯಗಳು ಸಿದ್ಧವಾಗಿವೆ ಎಂಬ ಒಂದೇ ಕಾರಣಕ್ಕೆ ಶರಾವತಿ ಅಗ್ಗವಾಗಿ ಕಾಣುತ್ತದೆ. ಅಗ್ಗವಾಗಿ ಕಾಣಲು ಕಾರಣ, ಲಿಂಗನಮಕ್ಕಿ ಅಣೆಕಟ್ಟೆಯ ಹಳೆಯ ಬೆಲೆಯನ್ನು 1960ರ ದಶಕದಲ್ಲೇ ಇಲ್ಲಿನ ಜನ ಮತ್ತು ಕಾಡು ತೆತ್ತಿರುವುದು.

ಆ ಜನರ ವಿಷಯಕ್ಕೆ ಬಾರದೆ ಇಲ್ಲಿ ಸಂರಕ್ಷಣೆಯ ಮಾತು ಪೂರ್ತಿಯಾಗುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು ಬಿಟ್ಟ ಕುಟುಂಬಗಳನ್ನು ಕಾಡಿನ ಅಂಚುಗಳಲ್ಲಿ ತಂದಿಳಿಸಲಾಯಿತು. ಮೂರು ತಲೆಮಾರು ಕಳೆದರೂ ಅವರಲ್ಲಿ ಬಹಳಷ್ಟು ಮಂದಿಗೆ ಉಳುವ ನೆಲದ ಹಕ್ಕುಪತ್ರವಿಲ್ಲ. ಹಿನ್ನೀರಿನಿಂದ ಕತ್ತರಿಸಿಹೋದ ತುಮರಿ ಸೀಮೆಯವರು ಲಾಂಚಿನಲ್ಲಿ ಓಡಾಡುತ್ತಾ ಕಾಯ್ದ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಇಂಥವರ ಹಿತ್ತಲನ್ನು ಅಭಯಾರಣ್ಯವೆಂದು ಘೋಷಿಸಿದಾಗ ಅವರು ಸಂತೋಷಪಡಬೇಕೆಂದು ನಿರೀಕ್ಷಿಸುವುದು ಹೇಗೆ? ಒಂದು ಬೇಲಿ ಹಾಕಲು, ಒಂದು ಕೊಳವೆಬಾವಿಗೆ ವಿದ್ಯುತ್ ಸಂಪರ್ಕ ಪಡೆಯಲು ಅಭಯಾರಣ್ಯದ ನೆಪದಲ್ಲಿ ತಿಂಗಳುಗಟ್ಟಲೆ ಅಲೆದಾಡುವವರಿಗೆ, ಅದೇ ಅಭಯಾರಣ್ಯದಲ್ಲಿ ಬೃಹತ್ ಕಾಮಗಾರಿಗೆ ತಾತ್ವಿಕ ಸಮ್ಮತಿ ಸಿಗುವುದು ಕಾಣುತ್ತದೆ. ಕಾನೂನಿನ ಮೇಲಿನ ನಂಬಿಕೆ ಸವೆಯುವುದು ಹೀಗೆ, ಅದರ ಜೊತೆಗೆ ಸಿಂಗಳೀಕದ ಮೇಲಿನ ಅಭಿಮಾನವೂ.

ಇದಕ್ಕೂ ಮೊದಲು ಇಲ್ಲಿ ಬೇರೆಯೇ ಒಂದು ಪ್ರಯೋಗ ನಡೆದಿತ್ತು. 2011ರಲ್ಲಿ, ಅನಂತ ಹೆಗಡೆ ಅಶೀಸರ ಅವರು ಪಶ್ಚಿಮ ಘಟ್ಟ ಕಾರ್ಯಪಡೆಯ ಅಧ್ಯಕ್ಷರಾಗಿದ್ದಾಗ, ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಸಂರಕ್ಷಣಾ ಮೀಸಲು ಎಂಬುದು ವನ್ಯಜೀವಿ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಬಂದ ವರ್ಗ. ಘೋಷಣೆಗೆ ಮುನ್ನ ಸ್ಥಳೀಯರೊಂದಿಗೆ ಸಮಾಲೋಚಿಸಬೇಕು, ಅವರ ಹಕ್ಕುಗಳಿಗೆ ಧಕ್ಕೆಯಿಲ್ಲ, ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಗಳ ಪ್ರತಿನಿಧಿಗಳಿರುತ್ತಾರೆ. ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ) ಸವಲತ್ತು ಬ್ರಿಟಿಷರ ಕಾಲದಿಂದ ನಡೆದುಬಂದಿರುವ ಸೀಮೆಯಲ್ಲಿ ಇಂಥ ವರ್ಗ ಹೆಚ್ಚು ಹೊಂದುತ್ತದೆ. 2019ರ ವಿಸ್ತರಣೆಯಲ್ಲಿ ಈ ಮೀಸಲನ್ನೂ ಹಳೆಯ ಶರಾವತಿ ಕಣಿವೆ ಅಭಯಾರಣ್ಯವನ್ನೂ ನಡುವಿನ ಮೀಸಲು ಅರಣ್ಯವನ್ನೂ ಕೂಡಿಸಿ ಒಂದೇ ಅಭಯಾರಣ್ಯ ಮಾಡಲಾಯಿತು. ಕಾಡಿನ ನಿರಂತರತೆಯ ದೃಷ್ಟಿಯಿಂದ ಕೂಡಿಸಿದ್ದು ಸರಿಯೇ. ಆದರೆ ಜನರನ್ನು ಒಳಗೊಳ್ಳುತ್ತಿದ್ದ ವರ್ಗವನ್ನು ಜನರನ್ನು ಹೊರಗಿಡುವ ವರ್ಗವಾಗಿ ಬದಲಿಸಿದ್ದು ದುಬಾರಿಯ ಅದಲುಬದಲು.

ಇದು ಎಷ್ಟು ದುಬಾರಿ ಎಂಬುದು ಉಪ್ಪಾಗೆಯ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ಕೇರಳದವರ ಮೀನಿನ ಸಾರಿನ ಕುಡಂಪುಳಿ, ಕೊಡಗಿನವರ ಕಾಚಂಪುಳಿ, ಎರಡಕ್ಕೂ ಮೂಲವಾದ ಈ ಮರ ಶಿರಸಿ ಹೊನ್ನಾವರದ ಕಾಡಿನಲ್ಲಿ ಹೇರಳ. ಮಳೆಗಾಲದ ಜೂನ್‌ನಿಂದ ಆಗಸ್ಟ್‌ವರೆಗೆ ಅದು ಹಣ್ಣಾಗುವ ಕಾಲದಲ್ಲಿ ಕಾಡಿನ ಬೇರೆ ಮರಗಳಲ್ಲಿ ಹಣ್ಣು ವಿರಳ; ಸಿಂಗಳೀಕ ಅದನ್ನೇ ನೆಚ್ಚಿಕೊಳ್ಳುತ್ತದೆ. ಹಿಂದೆ ಮನೆಯ ಹುಳಿಗೆ, ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪಕ್ಕೆ ಸಾಕಾಗುವಷ್ಟನ್ನು ಜನ ತರುತ್ತಿದ್ದರು. ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಸುದ್ದಿ ಹಬ್ಬಿ ವಿದೇಶಗಳಿಂದ ಬೇಡಿಕೆ ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ದೂರದ ನಗರಗಳ ಬೊಜ್ಜಿಗೂ ಕತ್ತಲೆಕಾನಿನ ಸಿಂಗಳೀಕದ ಹೊಟ್ಟೆಗೂ ಹೀಗೊಂದು ಸಂಬಂಧ ಏರ್ಪಟ್ಟಿತು.

ಕೊಯ್ಲು ನಡೆಯುವ ಕ್ರಮವನ್ನು ಗಮನಿಸಬೇಕು. ಕಾಡಿನ ಮರಕ್ಕೆ ಯಜಮಾನನಿಲ್ಲ. ಹಣ್ಣು ಪೂರ್ತಿ ಬಲಿಯಲೆಂದು ನಾನು ಬಿಟ್ಟರೆ ನಾಳೆ ಇನ್ನೊಬ್ಬ ಬಂದು ಕಾಯಿಯನ್ನೇ ಕೊಯ್ದುಕೊಂಡು ಹೋಗುತ್ತಾನೆ. ಆದ್ದರಿಂದ ಎಲ್ಲರೂ ಒಬ್ಬರಿಗಿಂತ ಒಬ್ಬರು ಮೊದಲು ಕಾಡಿಗೆ ನುಗ್ಗುತ್ತಾರೆ, ಹಣ್ಣಾಗದ ಕಾಯನ್ನೇ ಬಡಿಯುತ್ತಾರೆ, ಜಾರುವ ಮಳೆಯಲ್ಲಿ ತುದಿಯವರೆಗೆ ಹೋಗಲಾರದೆ ಕೊಂಬೆಯನ್ನೇ ಕಡಿದು ಕೆಳಗೆ ಬೀಳಿಸುತ್ತಾರೆ. ಕೊಂಬೆ ಹೋದರೆ ಮುಂದಿನ ವರ್ಷಗಳ ಫಲವೂ ಹೋಯಿತು. ತಂದ ಕಾಯನ್ನು ಒಡೆದು, ಸಿಪ್ಪೆಯನ್ನು ತಟ್ಟಿಯ ಮೇಲೆ ಹರವಿ, ಕೆಳಗೆ ಹಗಲಿರುಳು ಬೆಂಕಿ ಹಾಕಿ ಒಣಗಿಸಬೇಕು, ಮಳೆಗಾಲದಲ್ಲಿ ಬಿಸಿಲಿಲ್ಲ. ಒಣ ಸಿಪ್ಪೆಯ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೌದೆ ಉರಿಯುತ್ತದೆ, ಆ ಸೌದೆಯೂ ಅದೇ ಕಾಡಿನದು. ಇದರಿಂದ ಕಾಡಿಗೆ ಎರಡು ಪೆಟ್ಟು. ಕೊಯ್ಯುವವನಿಗೆ ಸಿಗುವ ಲಾಭವೂ ಅಷ್ಟಕ್ಕಷ್ಟೆ, ಬಲಿಯದ ಕಾಯಿಯ ಸಿಪ್ಪೆಗೆ ತೂಕವೂ ಇಲ್ಲ, ಬೆಲೆಯೂ ಇಲ್ಲ.

ಕಟ್ಟುನಿಟ್ಟಿನ ಅಭಯಾರಣ್ಯದ ನಿಯಮ ಇದಕ್ಕೆ ಕೊಡುವ ಉತ್ತರ ನಿಷೇಧ. ಅರಣ್ಯ ಹಕ್ಕು ಕಾಯಿದೆಯಡಿ ಹಕ್ಕು ಮಾನ್ಯವಾದವರಿಗೆ ಅಭಯಾರಣ್ಯದೊಳಗೂ ಕಿರು ಅರಣ್ಯ ಉತ್ಪನ್ನದ ಮೇಲೆ ಅಧಿಕಾರವಿದೆಯಾದರೂ, ಆ ಮಾನ್ಯತೆ ಸಿಕ್ಕವರು ಕಡಿಮೆ. ನಿಷೇಧ ಜಾರಿಯಾದಾಗ ಕೊಯ್ಲು ನಿಲ್ಲುವುದಿಲ್ಲ, ಕಳ್ಳತನವಾಗುತ್ತದೆ. ಕಳ್ಳತನದಲ್ಲಿ ಅವಸರ ಇನ್ನೂ ಹೆಚ್ಚು, ಕೊಂಬೆ ಕಡಿಯುವುದೂ ಹೆಚ್ಚು. ಇದಕ್ಕೆ ಬದಲಾಗಿ ಗ್ರಾಮ ಅರಣ್ಯ ಸಮಿತಿಗಳೇ ಕೊಯ್ಲಿನ ಆರಂಭದ ದಿನವನ್ನು ನಿಗದಿ ಮಾಡಿ, ಯಾವ ಊರಿಗೆ ಯಾವ ಕಾಡಿನ ಭಾಗವೆಂದು ಗೊತ್ತುಪಡಿಸಿ, ಬಿದ್ದ ಹಣ್ಣು ಮತ್ತು ಕೈಗೆಟುಕುವ ಹಣ್ಣನ್ನಷ್ಟೇ ತೆಗೆದು ನೆತ್ತಿಯದನ್ನು ಬಿಡುವ ಕಟ್ಟಳೆ ಮಾಡಿಕೊಂಡರೆ ಪೈಪೋಟಿಯ ಮೂಲವೇ ಕತ್ತರಿಸಿಹೋಗುತ್ತದೆ. ಸೌದೆ ಕಡಿಮೆ ಸುಡುವ ಒಣಗಿಸುವ ಗೂಡುಗಳು ಇವೆ; ಅವುಗಳಿಗೆ ಸಹಾಯಧನ ಕೊಡುವುದು ಅರಣ್ಯ ಇಲಾಖೆಯ ಮಟ್ಟಿಗೆ ದೊಡ್ಡ ವೆಚ್ಚವಲ್ಲ. ಊರಿಗೆ ಆ ಮರದ ಮೇಲೆ ಖಚಿತವಾದ ಹಕ್ಕಿದ್ದರೆ ಮಾತ್ರ ಊರು ಕಾಯುತ್ತದೆ ಎಂಬುದನ್ನು ಬೆಟ್ಟದ ಸವಲತ್ತಿನ ಇತಿಹಾಸವೇ ತೋರಿಸಿದೆ. ಒಳ್ಳೆಯ ಬೆಟ್ಟಗಳೂ ಇವೆ, ಬೋಳಾದ ಬೆಟ್ಟಗಳೂ ಇವೆ, ವ್ಯತ್ಯಾಸ ಯಜಮಾನಿಕೆಯ ಭದ್ರತೆಯಲ್ಲಿದೆ.

ಕಾಡು ತುಂಡಾದ ಮೇಲೆ ಏನಾಗುತ್ತದೆಂದು ಊಹಿಸುವ ಅಗತ್ಯವಿಲ್ಲ, ತಮಿಳುನಾಡಿನ ಆನೆಮಲೆಯಲ್ಲಿರುವ ವಾಲ್ಪಾರೈಗೆ ಹೋದರೆ ಕಣ್ಣಾರೆ ನೋಡಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಚಹಾ, ಕಾಫಿಗಾಗಿ ಕಾಡು ಕಡಿದಾಗ ಅಲ್ಲಲ್ಲಿ ಚೂರುಗಳು ಉಳಿದವು. ಪುದುತೋಟ್ಟಂ ಎಂಬಲ್ಲಿ ಒಂದು ಚದರ ಕಿಲೋಮೀಟರಿಗೂ ಚಿಕ್ಕದಾದ ಚೂರಿನಲ್ಲಿ ಸಿಕ್ಕಿಕೊಂಡ ಸಿಂಗಳೀಕಗಳು ಸಾಯಲಿಲ್ಲ, ಸಂಖ್ಯೆಯಲ್ಲಿ ಹೆಚ್ಚಿದವು. ಅವು ನೆಲಕ್ಕಿಳಿದವು, ರಸ್ತೆ ದಾಟುವಾಗ ವಾಹನಗಳಿಗೆ ಸಿಕ್ಕವು, ಮನೆಗಳ ಹೆಂಚಿನ ಮೇಲೆ, ಅಡುಗೆಮನೆಯ ಕಿಟಕಿಯಲ್ಲಿ, ಕಸದ ತೊಟ್ಟಿಯ ಬಳಿ ಕಾಣಿಸತೊಡಗಿದವು. ಸಂಕೋಚದ ಪ್ರಾಣಿಯೆಂದು ಹೆಸರಾದದ್ದು ಅಲ್ಲಿ ಕಾಟ ಕೊಡುವ ಮಂಗವಾಯಿತು. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಿ, ಕಾವಲುಗಾರರನ್ನು ನೇಮಿಸಿ ಸಾವುಗಳನ್ನು ತಗ್ಗಿಸಿದ್ದಾರೆ. ಆ ಕೆಲಸ ಶ್ಲಾಘನೀಯ. ಆದರೆ ಅದು ಕೈಕಾಲು ಮುರಿದ ಮೇಲೆ ಕೊಡುವ ಊರುಗೋಲು. ವಾಲ್ಪಾರೈಯನ್ನು ತೋರಿಸಿ ಸಿಂಗಳೀಕ ಹೊಂದಿಕೊಳ್ಳುತ್ತದೆ ಎನ್ನುವವರು ಹೊಂದಿಕೊಂಡ ಸಿಂಗಳೀಕ ಯಾರ ತೋಟಕ್ಕೆ ಬರುತ್ತದೆ ಎಂಬುದನ್ನೂ ಸಾಗರ, ಸಿದ್ದಾಪುರದ ಬೆಳೆಗಾರರಿಗೆ ಹೇಳಬೇಕು. ಘಟ್ಟದ ರಸ್ತೆಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಅವಕ್ಕೆ ಬಿಸ್ಕತ್ತು, ಚಿಪ್ಸ್ ಎಸೆಯುವ ಪ್ರವಾಸಿಗರು ಆ ಬದಲಾವಣೆಗೆ ಈಗಾಗಲೇ ನೆರವಾಗುತ್ತಿದ್ದಾರೆ.

ಸೈಲೆಂಟ್ ವ್ಯಾಲಿಯ ಹೆಸರು ಇಲ್ಲಿ ಬರದೆ ಇರದು. ಕುಂತಿಪುಳ ನದಿಗೆ ಅಣೆಕಟ್ಟೆ ಕಟ್ಟುವ ಯೋಜನೆಯ ವಿರುದ್ಧ 1970ರ ದಶಕದಲ್ಲಿ ಕೇರಳದಲ್ಲಿ ಎದ್ದ ಚಳವಳಿಗೆ ಸಿಂಗಳೀಕವೇ ಮುಖವಾಯಿತು, ಕಾಡು 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಶರಾವತಿಯ ಹೋರಾಟಗಾರರು ಆ ಗೆಲುವನ್ನು ನೆನೆಯುತ್ತಾರೆ. ಆದರೆ ಸೈಲೆಂಟ್ ವ್ಯಾಲಿಯ ಒಳಗೆ ಊರುಗಳಿರಲಿಲ್ಲ, ಅಣೆಕಟ್ಟು ಬೇಡವೆಂದೊಡನೆ ಕೆಲಸದ ಬಹುಪಾಲು ಮುಗಿಯಿತು. ಶರಾವತಿಯಲ್ಲಿ ಪಂಪ್ಡ್ ಸ್ಟೋರೇಜ್ ಯೋಜನೆ ನಾಳೆ ಕೈಬಿಟ್ಟುಹೋದರೂ ಸಿಂಗಳೀಕದ ಸಮಸ್ಯೆ ಉಳಿದೇ ಇರುತ್ತದೆ. ಹೆದ್ದಾರಿ ಅಗಲೀಕರಣ, ಬಹುಕಾಲದಿಂದ ಬೇಡಿಕೆಯಲ್ಲಿರುವ ತಾಳಗುಪ್ಪ–ಹೊನ್ನಾವರ ರೈಲು ಮಾರ್ಗ, ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ, ಅಘನಾಶಿನಿಯನ್ನು ತಿರುಗಿಸುವ ಪ್ರಸ್ತಾವಗಳು ಒಂದೊಂದಾಗಿ ಬರುತ್ತಲೇ ಇವೆ. ಒಂದೊಂದೂ ತನ್ನ ಪಾಲಿಗೆ ಕೆಲವೇ ಹೆಕ್ಟೇರ್ ಕೇಳುತ್ತದೆ. ಎಲ್ಲವನ್ನೂ ಒಂದೇ ನಕ್ಷೆಯ ಮೇಲಿಟ್ಟು ನೋಡುವ ಹೊಣೆ ಸದ್ಯಕ್ಕೆ ಯಾರ ಮೇಜಿನ ಮೇಲೂ ಇಲ್ಲ.

ಪರಿಹಾರಾತ್ಮಕ ಅರಣ್ಯೀಕರಣ ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. ಬಯಲುಸೀಮೆಯ ಯಾವುದೋ ಗೋಮಾಳದಲ್ಲಿ ನೆಟ್ಟ ಗಿಡ ಶರಾವತಿಯ ಗುಂಪಿಗೆ ದಾರಿಯಾಗದು. ಕಣಿವೆಯಲ್ಲೇ ನೆಟ್ಟರೂ ಬೀಜದಿಂದ ಬೆಳೆಸಿದ ಉಪ್ಪಾಗೆ ಫಲ ಕೊಡಲು ಹತ್ತು ವರ್ಷ ದಾಟಬೇಕು, ಅದರಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ನೆಟ್ಟದ್ದರಲ್ಲಿ ಒಂದು ಭಾಗ ಹಣ್ಣನ್ನೇ ಬಿಡುವುದಿಲ್ಲ. ಶಿವಮೊಗ್ಗ, ಉತ್ತರ ಕನ್ನಡದ ಗುಡ್ಡಗಳಲ್ಲಿ ದಶಕಗಳಿಂದ ಅರಣ್ಯೀಕರಣದ ಹೆಸರಿನಲ್ಲಿ ಬೆಳೆದಿರುವುದು ಮುಖ್ಯವಾಗಿ ಅಕೇಶಿಯಾ. ಉಪಗ್ರಹ ಚಿತ್ರದಲ್ಲಿ ಅದೂ ಹಸಿರೇ. ಸಿಂಗಳೀಕದ ಪಾಲಿಗೆ ಅಲ್ಲಿ ತಿನ್ನಲು ಹಣ್ಣಿಲ್ಲ.

ಆದ್ದರಿಂದ ಯೋಜನೆ ಯಾವುದೇ ಇರಲಿ, ಅನುಮತಿ ಕೇಳುವ ಕಡತದಲ್ಲಿ ಈಗ ಇಲ್ಲದ ಮೂರು ದಾಖಲೆಗಳನ್ನು ಕೇಳುವ ಅಧಿಕಾರ ಅರಣ್ಯ ಸಲಹಾ ಸಮಿತಿಗೂ ವನ್ಯಜೀವಿ ಮಂಡಳಿಗೂ ಇದೆ. ಆ ಜಾಗವನ್ನು ಬಳಸುವ ಸಿಂಗಳೀಕದ ಗುಂಪುಗಳೆಷ್ಟು, ಅವು ಎಲ್ಲೆಲ್ಲಿ ದಾಟುತ್ತವೆ ಎಂಬುದನ್ನು ಮಳೆಗಾಲ ಬೇಸಿಗೆ ಎರಡನ್ನೂ ಒಳಗೊಂಡು ಗುರುತಿಸಿದ ನಕ್ಷೆ ಒಂದು. ಕಡಿಯಲಿರುವ ಮರಗಳ ಪಟ್ಟಿಯನ್ನು ಸುತ್ತಳತೆಯ ಜೊತೆಗೆ ಜಾತಿ ಮತ್ತು ಹಣ್ಣಾಗುವ ತಿಂಗಳಿನ ಪ್ರಕಾರವೂ ವಿಂಗಡಿಸಿದ ವಿವರ ಇನ್ನೊಂದು. ಅದೇ ಕಣಿವೆಯಲ್ಲಿ ಈಗಾಗಲೇ ಮಂಜೂರಾದ, ಪರಿಶೀಲನೆಯಲ್ಲಿರುವ ಎಲ್ಲ ರಸ್ತೆ, ತಂತಿ, ಕಾಲುವೆ, ಸುರಂಗಗಳು ಸೇರಿ ಮರದ ನೆತ್ತಿಯನ್ನು ಎಷ್ಟು ಕಡೆ ಕಡಿಯುತ್ತವೆ ಎಂಬ ಒಟ್ಟು ಲೆಕ್ಕ ಮೂರನೆಯದು. ಇವನ್ನು ತಯಾರಿಸಲು ಬೇಕಾದ ಸಂಶೋಧಕರು ಮೈಸೂರಿನಲ್ಲೂ ಕೊಯಮತ್ತೂರಿನಲ್ಲೂ ಇದ್ದಾರೆ, ಗುಂಪುಗಳು ದಾಟುವ ಮರಗಳನ್ನು ಬೆರಳು ಮಾಡಿ ತೋರಿಸಬಲ್ಲವರು ಮಲೆಮನೆ, ಗೇರುಸೊಪ್ಪೆ ಸುತ್ತಿನ ಊರುಗಳಲ್ಲಿದ್ದಾರೆ. ಎರಡು ಮಳೆಗಾಲದ ಕೆಲಸ. ಅಷ್ಟರಮಟ್ಟಿಗೆ ಕಾಯಲಾರದಷ್ಟು ತುರ್ತು ಈ ಯೋಜನೆಗಳಿಗಿದೆಯೆಂದು ಪ್ರಸ್ತಾವದಾರರು ಈವರೆಗೆ ಎಲ್ಲೂ ಸಾಧಿಸಿ ತೋರಿಸಿಲ್ಲ.